ಗೋಡೆಯ ಮೇಲಿನ ಏಳು ಯುಗಗಳ ಪಟ: ಮಗನಿಗೆ ಏನು ಹೇಳಲಿ?

ಮಂಡ್ಯದ ಟೀಚರಮ್ಮ · ಭಾನುವಾರ, ರಾತ್ರಿ 9.10

ಎಲ್ಲರಿಗೂ ವಂದನೆಗಳು. ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಬೆಳೆದವಳು, ಮದುವೆಯಾಗಿ ಬಂದದ್ದು ಸಹೋದರರ ಸಭೆಯ (ಬ್ರೆದರನ್) ಮನೆಗೆ. ಹದಿನಾರು ವರ್ಷಗಳಲ್ಲಿ ಈ ವಿಷಯಕ್ಕೆ ಜಗಳ ಬಂದಿರಲಿಲ್ಲ. ಈ ವಾರ ಬಂದಿದೆ.

ನಮ್ಮ ಭಾವನವರ ನಡುಮನೆಯಲ್ಲಿ ಬಟ್ಟೆಯ ಮೇಲೆ ಬರೆದ ಒಂದು ಪಟ ಇದೆ. ಆಳುದ್ದ. ಎಡಗಡೆ ಏದೆನ್ ತೋಟ, ಬಲಗಡೆ ಬೆಂಕಿಯ ಕೆರೆ, ನಡುವೆ ಏಳು ವೃತ್ತಗಳು: ನಿರ್ದೋಷ ಕಾಲ, ಮನಸ್ಸಾಕ್ಷಿಯ ಕಾಲ, ಮಾನವ ಆಡಳಿತ, ವಾಗ್ದಾನ, ಧರ್ಮಶಾಸ್ತ್ರ, ಕೃಪೆ, ರಾಜ್ಯ. ಆರನೆಯ ವೃತ್ತ ಮುಗಿಯುವಲ್ಲಿ ಇರುವೆಯಷ್ಟು ಮನುಷ್ಯರು ಮೋಡದ ಕಡೆಗೆ ಏರುತ್ತಿದ್ದಾರೆ. ಅದರ ಕೆಳಗೆ ಕೆಂಪಕ್ಷರದಲ್ಲಿ ‘ಮಹಾ ಸಂಕಟ, 7 ವರ್ಷ’. ಪಟದ ಉಳಿದ ಬಣ್ಣವೆಲ್ಲ ಮಾಸಿದೆ, ಆ ಕೆಂಪು ಮಾತ್ರ ಮಾಸಿಲ್ಲ.

ರಜೆಯಲ್ಲಿ ಮಗ ಅಲ್ಲಿ ಹತ್ತು ದಿನ ಇದ್ದು ಬಂದ. ಈಗ ಏಳನೆಯ ತರಗತಿ. ಕಳೆದ ಮಂಗಳವಾರ ಶಾಲೆಯಿಂದ ಬಂದಾಗ ಬಾಗಿಲು ತೆರೆದಿತ್ತು, ನನ್ನ ಚಪ್ಪಲಿ ಮೆಟ್ಟಿಲ ಬಳಿಯೇ ಇತ್ತು, ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು, ನಾನು ಮಾತ್ರ ಇರಲಿಲ್ಲ. ಬರಿಗಾಲಿನಲ್ಲೇ ಹಿಂದಿನ ಮನೆಗೆ ಕರಿಬೇವು ಕೇಳಲು ಹೋದವಳು ಮಾತಿಗೆ ನಿಂತುಬಿಟ್ಟಿದ್ದೆ. ಬಂದು ನೋಡಿದರೆ ಹುಡುಗ ಮೆಟ್ಟಿಲ ಮೇಲೆ ಕುಳಿತು ಬಿಕ್ಕುತ್ತಿದ್ದಾನೆ. ಬೆನ್ನಿನ ಚೀಲವನ್ನೂ ಇಳಿಸಿರಲಿಲ್ಲ. “ನೀನು, ಅಪ್ಪ ಎಲ್ಲರೂ ಎತ್ತಲ್ಪಟ್ಟಿರಿ, ನಾನೊಬ್ಬ ಉಳಿದೆ ಎಂದುಕೊಂಡೆ” ಎಂದ. ಬೇಳೆ ತಳ ಹಿಡಿದು ಕರಕಲಾಗಿತ್ತು.

ಭಾವನವರನ್ನು ಕೇಳಿದರೆ, “ಸತ್ಯ ಹೇಳಿದ್ದೇನೆ, ಹೆದರಿಸಿಲ್ಲ” ಎನ್ನುತ್ತಾರೆ. ನಮ್ಮ ಸಭೆಯಲ್ಲಿ ಈ ಪಟ, ಈ ಏಳು ಕಾಲ, ಎರಡು ಹಂತದ ಬರೋಣ (ಕ್ರಿಸ್ತನು ಮೊದಲು ಗುಟ್ಟಾಗಿ ಬಂದು ತನ್ನವರನ್ನು ಎತ್ತಿಕೊಳ್ಳುವುದು, ಏಳು ವರ್ಷದ ಮಹಾ ಸಂಕಟದ ಮೇಲೆ ಎಲ್ಲರಿಗೂ ಕಾಣುವಂತೆ ಮತ್ತೆ ಬರುವುದು) ಯಾವುದನ್ನೂ ನಾನು ಕೇಳಿದ ನೆನಪಿಲ್ಲ. ಇದು ಸತ್ಯವೇದದಲ್ಲಿ ಎಲ್ಲಿದೆ? ಅದಕ್ಕಿಂತ ಮುಖ್ಯ, ಹುಡುಗನಿಗೆ ನಾನು ಏನು ಹೇಳಲಿ?

ಕಬ್ಬಿನ ಗದ್ದೆ · 9.22

ಅಕ್ಕ, ಮೊದಲು ಹಿತ್ತಲಿನಲ್ಲಿ ಒಂದು ಕರಿಬೇವಿನ ಗಿಡ ನೆಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ಹಳೆ ವೆಸ್ಲಿ · 9.48

ಟೀಚರಮ್ಮ, ನಿಮ್ಮ ಸಭೆಯಲ್ಲಿ ಕೇಳದಿರುವುದು ಆಶ್ಚರ್ಯವಲ್ಲ. ಮೈಸೂರು ಸೀಮೆಯ ಸಿ.ಎಸ್.ಐ. ಸಭೆಗಳು ಬಹುಮಟ್ಟಿಗೆ ವೆಸ್ಲಿಯನ್ (ಮೆಥೊಡಿಸ್ಟ್) ಮಿಷನ್ನಿನ ಬೇರಿನವು. ನಮ್ಮಲ್ಲಿ ‘ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ತಿರುಗಿ ಬರುವನು, ಆತನ ರಾಜ್ಯಕ್ಕೆ ಅಂತ್ಯವಿಲ್ಲ’ ಎಂಬ ವಿಶ್ವಾಸಪ್ರಮಾಣ ಹೇಳಿ ಮುಂದಿನ ಕೀರ್ತನೆಗೆ ಹೋಗುತ್ತೇವೆ. ಬರೋಣ ಒಂದೇ, ಹಂತಗಳಿಲ್ಲ.

ನಿಮ್ಮ ಭಾವನವರ ಪಟದ ವಂಶಾವಳಿ ಹೇಳುತ್ತೇನೆ. ಜಾನ್ ನೆಲ್ಸನ್ ಡಾರ್ಬಿ, ಹುಟ್ಟಿದ್ದು 1800, ತೀರಿಕೊಂಡದ್ದು 1882. ಐರ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಪಾದ್ರಿಯಾಗಿದ್ದು ಹೊರಬಂದವರು, ಸಹೋದರರ ಸಭೆಗಳ ಮೊದಲ ತಲೆಮಾರಿನ ಬೋಧಕ. 1830ರ ದಶಕದಲ್ಲಿ ಅವರು ಒಂದು ಗೆರೆ ಎಳೆದರು: ಇಸ್ರಾಯೇಲ್ ಬೇರೆ, ಸಭೆ (ಕ್ರಿಸ್ತನನ್ನು ನಂಬಿದವರೆಲ್ಲರ ಸಮುದಾಯ) ಬೇರೆ. ದೇವರು ಇಸ್ರಾಯೇಲಿಗೆ ಕೊಟ್ಟ ಭೂಮಿಯ ವಾಗ್ದಾನ ಇಸ್ರಾಯೇಲಿಗೇ ನೆರವೇರಬೇಕು, ಸಭೆ ವಾಕ್ಯದ ನಡುವಿನ ಆವರಣ ಚಿಹ್ನೆಯಂತೆ ನಡುವೆ ಬಂದದ್ದು, ಆ ಆವರಣ ಮುಚ್ಚುವ ಹೊತ್ತಿಗೆ ಸಭೆಯನ್ನು ಗುಟ್ಟಾಗಿ ಮೇಲೆ ಕರೆದುಕೊಳ್ಳಲಾಗುತ್ತದೆ. ಆಮೇಲೆ 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಅವರ ಟಿಪ್ಪಣಿ ಸಹಿತ ಬೈಬಲನ್ನು ಆಕ್ಸ್‌ಫರ್ಡ್ ಮುದ್ರಣಾಲಯ ಹೊರತಂದಿತು. ಏಳು ಯುಗಗಳ ಪಟ್ಟಿ ಮನೆಮನೆಗೆ ಹೋದದ್ದು ಅದರಿಂದ. ಒಂದೇ ಪುಟದಲ್ಲಿ ಮೇಲೆ ವಚನ, ಕೆಳಗೆ ಟಿಪ್ಪಣಿ. ಓದುತ್ತ ಓದುತ್ತ ಜನರಿಗೆ ಯಾವುದು ಪೌಲನ ಮಾತು, ಯಾವುದು ಸ್ಕೋಫೀಲ್ಡರ ಮಾತು ಎಂಬುದು ಕಲಸಿಹೋಯಿತು. ನನ್ನ ದೊಡ್ಡಪ್ಪ ಕಡೆಯವರೆಗೂ ಟಿಪ್ಪಣಿಯನ್ನೇ ವಚನವೆಂದು ಬಾಯಿಪಾಠ ಹೇಳುತ್ತಿದ್ದರು.

ಎರಡು ಸಾವಿರ ವರ್ಷದ ಸಭೆಯಲ್ಲಿ ಇನ್ನೂರು ವರ್ಷದ ಬೋಧನೆ ಇದು. ಅಷ್ಟೇ.

ಬೆರೋಯದವನು · 10.31

ಹಳೆ ವೆಸ್ಲಿ ಸರ್, ಬನ್ನಿಮಂಟಪದಿಂದ ನಮಸ್ಕಾರ. ನಾನು ಸಹೋದರರ ಸಭೆಯವನೇ. ಟೀಚರಮ್ಮನವರ ಮಗನ ಕಥೆ ಓದಿ ಸಂಕಟವಾಯಿತು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ‘ಇನ್ನೂರು ವರ್ಷದ್ದು’ ಎಂದು ತಳ್ಳಿಹಾಕುವುದು ಸರಿಯಲ್ಲ. ಎರಡು ವಿಷಯಗಳನ್ನು ನೀವು ಒಂದೇ ಗಂಟಿಗೆ ಕಟ್ಟಿದ್ದೀರಿ.

ಕ್ರಿಸ್ತನು ಬಂದ ಮೇಲೆ ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾನೆ ಎಂಬ ನಂಬಿಕೆ ಎರಡನೆಯ ಶತಮಾನದಲ್ಲೇ ಇತ್ತು. ಆ ಕಾಲದ ಕ್ರೈಸ್ತ ಬರಹಗಾರರಲ್ಲಿ ಜಸ್ಟಿನ್ ಹಾಗೆ ನಂಬಿದ್ದ, ಐರಿನೇಯಸ್ ಹಾಗೆ ಬರೆದ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 20ನೆಯ ಅಧ್ಯಾಯದಲ್ಲಿ 2ರಿಂದ 7ನೆಯ ವಚನದೊಳಗೆ ‘ಸಾವಿರ ವರ್ಷ’ ಆರು ಸಲ ಬರುತ್ತದೆ. ಒಂದು ಸಲ ಹೇಳಿದ್ದರೆ ಅಲಂಕಾರ ಎನ್ನಬಹುದಿತ್ತು.

ಯುಗ ಎಂಬ ಮಾತೂ ಡಾರ್ಬಿಯವರು ಹೊಸೆದದ್ದಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು ಬಳಸುವ ಗ್ರೀಕ್ ಪದ ‘ಒಯಿಕೊನೊಮಿಯ’, ಮನೆವಾರ್ತೆ ಎಂದರ್ಥ. ಯಜಮಾನ ಒಬ್ಬನೇ, ಮಕ್ಕಳ ವಯಸ್ಸಿಗೆ ತಕ್ಕಂತೆ ಮನೆಯ ಕಟ್ಟಳೆ ಬೇರೆ. ಮೋಶೆಯ ಕಾಲದಲ್ಲಿ ಹಂದಿಮಾಂಸ ಕೂಡದು, ಪೇತ್ರನ ದರ್ಶನದ ಮೇಲೆ ಆ ಕಟ್ಟಳೆ ಹೋಯಿತು. ಇದನ್ನು ಒಪ್ಪುವ ಎಲ್ಲರೂ ಸ್ವಲ್ಪಮಟ್ಟಿಗೆ ಯುಗವಿಭಾಗದವರೇ. ಏಳೋ ನಾಲ್ಕೋ ಎಂಬುದರಲ್ಲಿ ನಮ್ಮವರಲ್ಲೇ ಒಮ್ಮತವಿಲ್ಲ, ಅದಕ್ಕಾಗಿ ನಾನು ಜಗಳ ಮಾಡುವುದಿಲ್ಲ.

ನನ್ನ ಜಗಳ ಇರುವುದು ಇಸ್ರಾಯೇಲಿನ ವಿಷಯದಲ್ಲಿ. ದೇವರು ಅಬ್ರಹಾಮನಿಗೆ ಮಾತು ಕೊಟ್ಟು, ಆಮೇಲೆ “ನಾನು ಹೇಳಿದ್ದು ಆತ್ಮಿಕ ಅರ್ಥದಲ್ಲಿ” ಎಂದರೆ, ನನಗೆ ಕೊಟ್ಟ ಮಾತಿಗೂ ನಾಳೆ ಹಾಗೆಯೇ ಎನ್ನಬಹುದಲ್ಲವೇ?

ಸುಮ್ಮನೆ ಓದುವವ · 10.40

ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ನಮ್ಮಲ್ಲಿ ನಾಲ್ಕು ಯುಗ, ನಿಮ್ಮಲ್ಲಿ ಏಳೇ? ನಮ್ಮ ಕಲಿಯುಗಕ್ಕೆ 4,32,000 ವರ್ಷ, ಇನ್ನೂ ಬಹಳ ಸಮಯವಿದೆ. ಯಾವ ಮಗುವೂ ಕಲಿಯುಗ ಮುಗಿಯಿತೆಂದು ಮೆಟ್ಟಿಲ ಮೇಲೆ ಕುಳಿತು ಅತ್ತದ್ದನ್ನು ಕಂಡಿಲ್ಲ.

ಬೆರೋಯದವನು · 10.47

ಒಳ್ಳೆಯ ಪ್ರಶ್ನೆ. ನಿಮ್ಮ ಯುಗಗಳು ಚಕ್ರದಂತೆ ತಿರುಗಿ ಬರುತ್ತವೆ, ನಮ್ಮವು ಒಮ್ಮೆ ಹೋದರೆ ಹೋದವೇ. ಅವಸರ ಬರುವುದು ಅಲ್ಲಿಂದ.

ಗಂಜಾಂ ಅಂಜೂರ · ಸೋಮವಾರ, ಬೆಳಿಗ್ಗೆ 6.15

ಕಥೋಲಿಕರ ಪರವಾಗಿ ಒಂದು ಮಾತು. ನಮ್ಮಲ್ಲಿ ಇದರ ಚರ್ಚೆ ಹಳೆಯದು. ಸಂತ ಅಗಸ್ಟೀನರು ‘ದೇವನಗರ’ದ 20ನೆಯ ಸಂಪುಟದಲ್ಲಿ, ತಾವೂ ಒಂದು ಕಾಲದಲ್ಲಿ ಸಾವಿರ ವರ್ಷದ ಭೂಮಿಯ ಆಳ್ವಿಕೆಯನ್ನು ಒಪ್ಪಿದ್ದುದಾಗಿ ಹೇಳಿ, ಆಮೇಲೆ ಅದನ್ನು ಬಿಟ್ಟ ಕಾರಣ ಕೊಡುತ್ತಾರೆ. ಕ್ರಿಸ್ತರು ಈಗಲೇ ಆಳುತ್ತಿದ್ದಾರೆ, ಸಾವಿರ ಎಂದರೆ ಪೂರ್ಣ ಕಾಲ. 1944ರಲ್ಲಿ, ಬೋಧನೆಗಳನ್ನು ಪರಿಶೀಲಿಸುವ ರೋಮಿನ ಪವಿತ್ರ ಕಾರ್ಯಾಲಯ, ಅಂತಿಮ ತೀರ್ಪಿಗೆ ಮೊದಲು ಕ್ರಿಸ್ತರು ಈ ಭೂಮಿಗೆ ಬಂದು ಕಣ್ಣಿಗೆ ಕಾಣುವಂತೆ ಆಳುತ್ತಾರೆ ಎಂಬ ಬೋಧನೆಯನ್ನು, ಅದರ ಮೃದು ರೂಪದಲ್ಲೂ, ಸುರಕ್ಷಿತವಾಗಿ ಬೋಧಿಸಲಾಗದು ಎಂದಿತು. ನಮ್ಮ ಧರ್ಮೋಪದೇಶ ಗ್ರಂಥದ 675ನೆಯ ಪರಿಚ್ಛೇದದ ಪ್ರಕಾರ, ಕ್ರಿಸ್ತರ ಬರುವಿಕೆಗೆ ಮುನ್ನ ಧರ್ಮಸಭೆಯೇ ಕೊನೆಯ ಪರೀಕ್ಷೆಯನ್ನು ಹಾದುಹೋಗಬೇಕು. ಹಾದುಹೋಗಬೇಕು, ತಪ್ಪಿಸಿಕೊಳ್ಳುವುದಲ್ಲ.

ಮೇಡಂ, ಹುಡುಗನಿಗೆ ಇದನ್ನೇ ಹೇಳಬಹುದು: ಯೇಸುಸ್ವಾಮಿ ಗುಟ್ಟಾಗಿ ಬಂದು ಅಮ್ಮಂದಿರನ್ನು ಕದ್ದೊಯ್ಯುವವರಲ್ಲ.

ಎನ್.ಆರ್. ಮೊಹಲ್ಲಾ ಸಿಸ್ಟರ್ · 7.02

ಕಳ್ಳನಂತೆ ಬರುತ್ತೇನೆ ಎಂದು ಕರ್ತನೇ ಹೇಳಿದ್ದಾನಲ್ಲ ಅಣ್ಣ?

ಗಂಜಾಂ ಅಂಜೂರ · 7.10

ಕಳ್ಳ ಬರುವ ಹೊತ್ತು ಗೊತ್ತಾಗುವುದಿಲ್ಲ ಎಂಬಷ್ಟಕ್ಕೆ ಆ ಹೋಲಿಕೆ, ತಂಗಿ. 1 ಥೆಸಲೋನಿಕ 4ನೆಯ ಅಧ್ಯಾಯ ನೋಡಿ. ಆಜ್ಞಾಘೋಷ, ಪ್ರಧಾನದೂತನ ಧ್ವನಿ, ತುತೂರಿ. ಇಷ್ಟು ಗದ್ದಲ ಮಾಡಿಕೊಂಡು ಯಾವ ಕಳ್ಳನೂ ಬರುವುದಿಲ್ಲ.

ಕಬ್ಬಿನ ಗದ್ದೆ · 7.31

ದಸರಾ ಮೆರವಣಿಗೆಯೇ ಗುಟ್ಟಾಗಿ ಹೋಯಿತು ಎಂದಹಾಗಾಯಿತು.

ನನಗೆ ಒಂದು ಸಂದೇಹ. ನಾನು ಗ್ರೀಕ್ ಓದಿದವನಲ್ಲ, ಕಬ್ಬು ಬೆಳೆಯುವವನು. ನಮ್ಮ ಕನ್ನಡ ಸತ್ಯವೇದದಲ್ಲಿ ಆ ವಚನದಲ್ಲಿ ಕರ್ತನನ್ನು ‘ಎದುರುಗೊಳ್ಳುವುದು’ ಎಂಬ ಮಾತಿದೆ. ನಮ್ಮ ಪಾಂಡವಪುರದ ಕಡೆ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುತ್ತೇವೆ. ಬಸ್ಸು ಊರ ಬಾಗಿಲಿಗೆ ಬಂತು ಎಂಬ ಸುದ್ದಿ ಬಂದ ಕೂಡಲೇ ವಾಲಗದವರನ್ನು ಕರೆದುಕೊಂಡು, ಆರತಿ ತಟ್ಟೆ, ಪಾನಕದ ಕೊಡ ಹಿಡಿದು ಹೆಂಗಸರು ಗಂಡಸರು ಎಲ್ಲರೂ ಅಲ್ಲಿಗೇ ಹೋಗುತ್ತೇವೆ. ಕಾಲಿಗೆ ನೀರು ಕೊಟ್ಟು, ಪಾನಕ ಕೊಟ್ಟು, ಮೆರವಣಿಗೆಯಲ್ಲಿ ಚಪ್ಪರಕ್ಕೆ ಕರೆತರುತ್ತೇವೆ. ಎದುರುಗೊಂಡವರೇ ಬೀಗರ ಬಸ್ಸು ಹತ್ತಿ ಅವರ ಊರಿಗೆ ಹೊರಟುಬಿಟ್ಟರೆ ಮದುವೆ ಯಾವ ಊರಿನಲ್ಲಿ? ಅಡುಗೆಯವನ ಗತಿ ಏನು?

ಹಳೆ ವೆಸ್ಲಿ · 8.20

ಕಬ್ಬಿನ ಗದ್ದೆಯವರೇ, ನೀವು ತಿಳಿಯದೆ ದೊಡ್ಡ ಪಂಡಿತರ ವಾದವನ್ನೇ ಮುಂದಿಟ್ಟಿದ್ದೀರಿ. ಅಲ್ಲಿರುವ ಗ್ರೀಕ್ ಪದ ‘ಅಪಾಂತೆಸಿಸ್’. ಹೊಸ ಒಡಂಬಡಿಕೆಯಲ್ಲಿ ಇನ್ನೆರಡು ಕಡೆ ಬರುತ್ತದೆ. ಮತ್ತಾಯ 25ರಲ್ಲಿ ಹತ್ತು ಕನ್ಯೆಯರು ಮದಲಿಂಗನನ್ನು ಎದುರುಗೊಳ್ಳಲು ಹೋಗುತ್ತಾರೆ, ಸಿದ್ಧವಾಗಿದ್ದ ಐವರು ಅವನೊಡನೆ ಮದುವೆಯ ಮನೆಗೆ ಬರುತ್ತಾರೆ. ಅಪೊಸ್ತಲರ ಕೃತ್ಯಗಳು 28ರಲ್ಲಿ ರೋಮಿನ ಸಹೋದರರು ಪೌಲನನ್ನು ಎದುರುಗೊಳ್ಳಲು ಅಪ್ಪಿಯ ಪೇಟೆಯವರೆಗೆ ಬರುತ್ತಾರೆ, ಅವನನ್ನು ರೋಮಿಗೆ ಕರೆದೊಯ್ಯುತ್ತಾರೆ. ಎರಡರಲ್ಲೂ ಬರುವವನ ದಿಕ್ಕು ಬದಲಾಗುವುದಿಲ್ಲ, ಎದುರುಗೊಳ್ಳಲು ಹೋದವರೇ ಹಿಂದಿರುಗುತ್ತಾರೆ. ಹಾಗಾದರೆ ಥೆಸಲೋನಿಕದಲ್ಲಿ ಮಾತ್ರ ಬರುವವನೇ ಅರ್ಧದಾರಿಯಿಂದ ಹಿಂದಿರುಗಿ ಏಳು ವರ್ಷ ಬಿಟ್ಟು ಮತ್ತೆ ಬರುವುದು ಹೇಗೆ?

ಬೆರೋಯದವನು · 1.15

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಮದುವೆಯ ಹೋಲಿಕೆ ಚೆನ್ನಾಗಿದೆ, ಓದಿ ನಕ್ಕೆ. ಆದರೆ ಒಂದು ಪದದ ಮೇಲೆ ಇಡೀ ಮನೆ ಕಟ್ಟಲಾಗದು. ಎದುರುಗೊಂಡ ಮೇಲೆ ಯಾವ ಕಡೆಗೆ ಹೋಗುತ್ತಾರೆ ಎಂಬುದನ್ನು ಆ ಪದ ಹೇಳುವುದಿಲ್ಲ, ಸಂದರ್ಭ ಹೇಳಬೇಕು. ಯೋಹಾನ 14ರಲ್ಲಿ ಕರ್ತನು, ನಿಮಗೆ ಸ್ಥಳ ಸಿದ್ಧಮಾಡಲು ಹೋಗುತ್ತೇನೆ, ತಿರುಗಿ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ಮದಲಿಂಗನು ಹೆಣ್ಣನ್ನು ತನ್ನ ಮನೆಗೆ ಕರೆದೊಯ್ಯುವ ಚಿತ್ರ ಅದು. ಕಬ್ಬಿನ ಗದ್ದೆಯವರೇ, ಮದುವೆಯ ಮಾರನೆಯ ದಿನ ಬೀಗರ ಬಸ್ಸು ಖಾಲಿ ಹೋಗುತ್ತದೆಯೇ?

ಕಬ್ಬಿನ ಗದ್ದೆ · 1.19

ಇಲ್ಲ ಸರ್, ಹೆಣ್ಣು ಹೋಗುತ್ತಾಳೆ. ಒಪ್ಪಿದೆ. ಹಿಂದೆಯೇ ಬೀಗರೂಟಕ್ಕೆ ನಾವೂ ಹೋಗುತ್ತೇವೆ.

ಎನ್.ಆರ್. ಮೊಹಲ್ಲಾ ಸಿಸ್ಟರ್ · 2.05

ಹಾಗಾದರೆ ಹೊಲದಲ್ಲಿ ಇಬ್ಬರಿರುವರು, ಒಬ್ಬನು ತೆಗೆದುಕೊಳ್ಳಲ್ಪಡುವನು, ಒಬ್ಬನು ಬಿಡಲ್ಪಡುವನು ಎಂಬುದಕ್ಕೆ ಏನು ಹೇಳುತ್ತೀರಿ? ನಮ್ಮ ಉಜ್ಜೀವನ ಕೂಟಗಳಲ್ಲಿ ಇದೇ ಮುಖ್ಯ ವಚನ. ನಾನು ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ರಾಗಿ ಬೀಸುವಾಗ ಅಜ್ಜಿಯ ಸೆರಗನ್ನು ಕೈಗೆ ಸುತ್ತಿಕೊಂಡೇ ಕೂರುತ್ತಿದ್ದೆ, ಹೋದರೆ ಇಬ್ಬರೂ ಹೋಗಲಿ ಎಂದು.

ಹಳೆ ವೆಸ್ಲಿ · 2.40

ತಂಗಿ, ಅದರ ಹಿಂದಿನ ವಚನ ಓದಿ. ಮತ್ತಾಯ 24:39. ನೋಹನ ದಿನಗಳಲ್ಲಿ ಜಲಪ್ರಳಯ ಬಂದು ಬಡಿದುಕೊಂಡು ಹೋದದ್ದು ಯಾರನ್ನು? ದುಷ್ಟರನ್ನು. ಉಳಿದವರು ಯಾರು? ನೋಹನ ಮನೆಯವರು. ಆ ಲೆಕ್ಕದಲ್ಲಿ ಉಳಿಯುವುದೇ ಒಳ್ಳೆಯದು. ಟೀಚರಮ್ಮನವರ ಮಗ ಮೆಟ್ಟಿಲ ಮೇಲೆ ಉಳಿದದ್ದಕ್ಕೆ ಸಂತೋಷಪಡಬಹುದಿತ್ತು.

ಬೆರೋಯದವನು · 2.58

ಎರಡು ವಚನಗಳಲ್ಲೂ ಗ್ರೀಕ್ ಕ್ರಿಯಾಪದ ಒಂದೇ ಅಲ್ಲ ಸರ್. ಪ್ರಳಯ ಒಯ್ದದ್ದಕ್ಕೆ ಒಂದು ಪದ, ಹೊಲದವನನ್ನು ತೆಗೆದುಕೊಂಡದ್ದಕ್ಕೆ ಇನ್ನೊಂದು. ಎರಡನೆಯದು ಯೋಹಾನ 14ರಲ್ಲಿರುವ ‘ಕರೆದುಕೊಳ್ಳುವ’ ಪದವೇ. ಆದರೂ ಪ್ರಾಮಾಣಿಕವಾಗಿ ಹೇಳುತ್ತೇನೆ, ನಮ್ಮ ಬೋಧಕರಲ್ಲೇ ಅನೇಕರು ಈ ವಚನವನ್ನು ಸಭೆಯ ಎತ್ತಲ್ಪಡುವಿಕೆಗೆ ಹಚ್ಚುವುದಿಲ್ಲ. ಅದು ಸಂಕಟಕಾಲದ ಕೊನೆಯ ಮಾತು ಎನ್ನುತ್ತಾರೆ. ಕೂಟಗಳಲ್ಲಿ ಬಿಸಿ ಏರಿಸಲು ಬಳಸುವವರು ಬೇರೆ.

ಲೆಕ್ಕದ ಮೇಷ್ಟ್ರು · 5.45

ದಾನಿಯೇಲನ ಎಪ್ಪತ್ತು ವಾರಗಳಿಲ್ಲದೆ ಈ ಚರ್ಚೆ ನಡೆಯುತ್ತಿರುವುದು ನನಗೆ ಸಹಿಸಲಾಗುತ್ತಿಲ್ಲ. ಪಟದ ಕೆಂಪು ಬಣ್ಣದ ಆ ಏಳು ವರ್ಷ ಬಂದದ್ದೇ ಅಲ್ಲಿಂದ.

ದಾನಿಯೇಲ 9:24ರಿಂದ 27. ವಾರ ಎಂದರೆ ಏಳು ವರ್ಷ. 7 ವಾರ, 62 ವಾರ, ಕೂಡಿದರೆ 69 ವಾರ, ಅಂದರೆ 483 ವರ್ಷ. ಯೆರೂಸಲೇಮನ್ನು ಕಟ್ಟಲು ಅಪ್ಪಣೆಯಾದ ದಿನದಿಂದ ಅಭಿಷಿಕ್ತನವರೆಗೆ, ಅಂದರೆ ಕ್ರಿಸ್ತನವರೆಗೆ. ಉಳಿದ 70ನೆಯ ವಾರವೇ ಪಟದ ಏಳು ವರ್ಷ. ಸರ್ ರಾಬರ್ಟ್ ಆಂಡರ್ಸನ್ ಎಂಬ ಲಂಡನ್ನಿನ ಪೊಲೀಸ್ ಅಧಿಕಾರಿ 19ನೆಯ ಶತಮಾನದಲ್ಲಿ ಈ ಲೆಕ್ಕ ಮಾಡಿದರು. ಆರಂಭ ಕ್ರಿ.ಪೂ. 445, ನೆಹೆಮೀಯನಿಗೆ ಅರ್ತಷಸ್ತನು ಅಪ್ಪಣೆ ಕೊಟ್ಟ ವರ್ಷ. ವರ್ಷಕ್ಕೆ 360 ದಿನ ಹಿಡಿದರೆ 483 x 360 = 1,73,880 ದಿನ. ನಮ್ಮ ಸೌರ ವರ್ಷಕ್ಕೆ ತಿರುಗಿಸಿದರೆ ಸುಮಾರು 476. ಕ್ರಿ.ಶ. 32ಕ್ಕೆ ಬಂದು ನಿಲ್ಲುತ್ತದೆ, ಯೇಸು ಕತ್ತೆಮರಿಯ ಮೇಲೆ ಯೆರೂಸಲೇಮಿಗೆ ಬಂದ ಸಮಯ ಎನ್ನುತ್ತಾರೆ. ಮೊದಲ ಸಲ ಈ ಲೆಕ್ಕ ಮಾಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಎರಡನೆಯ ದಿನ ನಿದ್ದೆ ಬಂತು. ಯೆಹೂದ್ಯರು 360 ದಿನದ ವರ್ಷವನ್ನು ವರ್ಷಗಟ್ಟಲೆ ಹಾಗೆಯೇ ಓಡಿಸಲಿಲ್ಲ, ನಮ್ಮ ಅಧಿಕಮಾಸದಂತೆ ಅವರೂ ಒಂದು ತಿಂಗಳು ಸೇರಿಸುತ್ತಿದ್ದರು. ಇಲ್ಲದಿದ್ದರೆ ವಸಂತದ ಪಸ್ಕಹಬ್ಬ ತಿರುಗುತ್ತ ಚಳಿಗಾಲಕ್ಕೆ ಬಂದು ಕೂರುತ್ತಿತ್ತು. ಉತ್ತರ ಗೊತ್ತಿದ್ದು ಲೆಕ್ಕ ಮಾಡುವ ವಿದ್ಯಾರ್ಥಿಗಳನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ನಡುವಿನ ಹೆಜ್ಜೆಗಳಲ್ಲಿ ಸಿಕ್ಕಿಬೀಳುತ್ತಾರೆ.

ಬೆರೋಯದವನು · 6.10

ಪ್ರಕಟನೆ 11ರಲ್ಲಿ 42 ತಿಂಗಳೂ 1,260 ದಿನವೂ ಒಂದೇ ಎಂಬಂತೆ ಬರುತ್ತದೆ ಮೇಷ್ಟ್ರೇ. ತಿಂಗಳಿಗೆ 30 ದಿನವಾಯಿತು. 360 ಎಂಬುದು ಆಕಾಶದಿಂದ ಉದುರಿದ್ದಲ್ಲ.

ಲೆಕ್ಕದ ಮೇಷ್ಟ್ರು · 6.18

ಸರಿ, ಅರ್ಧ ಅಂಕ ಕೊಟ್ಟೆ. ಆದರೆ 69ನೆಯ ವಾರಕ್ಕೂ 70ನೆಯ ವಾರಕ್ಕೂ ನಡುವೆ ಎರಡು ಸಾವಿರ ವರ್ಷ ಬಿಟ್ಟಿದ್ದೀರಲ್ಲ, ಅದು ಯಾವ ಗಣಿತ? ಅರವತ್ತೊಂಬತ್ತು ಮೆಟ್ಟಿಲು ಒಂದಕ್ಕೊಂದು ಹೊಂದಿಕೊಂಡಿವೆ, ಎಪ್ಪತ್ತನೆಯದು ಮೇಲುಕೋಟೆ ಬೆಟ್ಟದ ತುದಿಯಲ್ಲಿದೆ.

ಬೆರೋಯದವನು · 6.30

ಯೇಸುವೇ ನಜರೇತಿನ ಸಭಾಮಂದಿರದಲ್ಲಿ ಯೆಶಾಯ 61ನ್ನು ಓದಿ, ‘ಕರ್ತನ ಶುಭವರ್ಷ’ ಎಂಬಲ್ಲಿಗೆ ನಿಲ್ಲಿಸಿ ಸುರುಳಿ ಮುಚ್ಚಿದನು. ಅದೇ ವಾಕ್ಯದ ಮುಂದಿನ ಮಾತು ‘ಮುಯ್ಯಿ ತೀರಿಸುವ ದಿನ’. ಒಂದೇ ವಾಕ್ಯದ ನಡುವೆ ಎರಡು ಬರೋಣಗಳ ಅಂತರವಿದೆ. ಪ್ರವಾದನೆ ಹಾಗೆಯೇ ಸರ್. ದೂರದಿಂದ ನೋಡಿದರೆ ಎರಡು ಬೆಟ್ಟ ಅಂಟಿಕೊಂಡಂತೆ ಕಾಣುತ್ತವೆ, ಹತ್ತಿರ ಹೋದರೆ ನಡುವೆ ಕಣಿವೆ.

ಲೆಕ್ಕದ ಮೇಷ್ಟ್ರು · 6.33

ಇದು ಒಳ್ಳೆಯ ಉತ್ತರ. ಇನ್ನರ್ಧ ಅಂಕ ಯೋಚಿಸಿ ಕೊಡುತ್ತೇನೆ.

ಕಬ್ಬಿನ ಗದ್ದೆ · 7.00

ಕೀರ್ತನೆ 50ರಲ್ಲಿ ಸಾವಿರ ಗುಡ್ಡಗಳ ಮೇಲಿನ ದನಗಳು ದೇವರವು ಎಂದಿದೆ. ಸಾವಿರವನ್ನು ಎಣಿಸಿಯೇ ತೀರಬೇಕು ಎನ್ನುವವರು ಹೇಳಿ, ಕುಂತಿಬೆಟ್ಟದಲ್ಲಿ ಮೇಯುವ ನನ್ನ ಎರಡು ಎಮ್ಮೆ ಲೆಕ್ಕಕ್ಕೆ ಸೇರಿವೆಯೇ, ಹೊರಗುಳಿದವೇ?

ಬನ್ನೂರು ಕುರಿ · 8.12

ದಿನಾಂಕ ಹೇಳಿ ಮುಖಭಂಗವಾದವರ ಪಟ್ಟಿ ಯಾರೂ ಹಾಕಲಿಲ್ಲವೇ? 1844ರಲ್ಲಿ ಮಿಲ್ಲರ್, 2011ರಲ್ಲಿ ಕ್ಯಾಂಪಿಂಗ್. ಎಲ್ಲರೂ ಈ ಪಟದ ಪಂಗಡದವರೇ. ಜನ ಮನೆಮಠ ಮಾರಿಕೊಂಡರು.

ಬೆರೋಯದವನು · 8.40

ತಪ್ಪು. ಹೇಳುವ ಮೊದಲು ನೋಡಬೇಕು. ವಿಲಿಯಂ ಮಿಲ್ಲರ್ ಯುಗವಿಭಾಗದವರಲ್ಲ. ದಾನಿಯೇಲ 8:14ರ 2,300 ದಿನಗಳನ್ನು ವರ್ಷಗಳೆಂದು ಹಿಡಿದು ಕ್ರಿ.ಪೂ. 457ರಿಂದ ಎಣಿಸಿದವರು, ಪ್ರವಾದನೆಯೆಲ್ಲ ಸಭೆಯ ಇತಿಹಾಸದಲ್ಲೇ ನೆರವೇರುತ್ತ ಬಂದಿದೆ ಎನ್ನುವ ಪಂಥ ಅವರದು. 1844ರ ಅಕ್ಟೋಬರ್ 22ರಂದು ಕಾದು ಕುಳಿತವರು ಆ ಪಂಥದವರು. 2011ರ ಮೇ 21 ಎಂದು ಸಾರಿದ ಹೆರಾಲ್ಡ್ ಕ್ಯಾಂಪಿಂಗ್ ಕೂಡ ನಮ್ಮವರಲ್ಲ. ಡಾರ್ಬಿಯವರ ಬೋಧನೆಯ ತಿರುಳೇ, ಎತ್ತಲ್ಪಡುವಿಕೆಗೆ ಯಾವ ಗುರುತೂ ಬೇಕಿಲ್ಲ, ಆದ್ದರಿಂದ ದಿನಾಂಕವೂ ಸಾಧ್ಯವಿಲ್ಲ ಎಂಬುದು.

ಹಳೆ ವೆಸ್ಲಿ · 8.55

ಬೆರೋಯದವರು ಹೇಳಿದ್ದು ಸರಿ. ಆದರೆ 1988ನ್ನು ಬಿಟ್ಟರು. ನಾಸಾದಲ್ಲಿ ಎಂಜಿನಿಯರ್ ಆಗಿದ್ದ ಎಡ್ಗರ್ ವಿಸೆನಂಟ್, ಆ ವರ್ಷದ ಸೆಪ್ಟೆಂಬರಿನಲ್ಲಿ ಎತ್ತಲ್ಪಡುವಿಕೆ ಎಂದು 88 ಕಾರಣ ಕೊಟ್ಟರು. ಅದು ನಿಮ್ಮ ಪಟದ ಮೇಲೆಯೇ ಮಾಡಿದ ಲೆಕ್ಕ. 1948ರಲ್ಲಿ ಇಸ್ರಾಯೇಲ್ ರಾಷ್ಟ್ರ ಹುಟ್ಟಿತು, ಅದೇ ಯೇಸುವಿನ ದೃಷ್ಟಾಂತದ ಅಂಜೂರದ ಮರ ಚಿಗುರಿದ್ದು, ಒಂದು ತಲೆಮಾರು ಅಂದರೆ 40 ವರ್ಷ ಎಂಬ ಮಾತು ಆಗ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಗುರುತು ಬೇಕಿಲ್ಲ ಎನ್ನುವವರು ದಿನಪತ್ರಿಕೆಯನ್ನು ಏಕೆ ಅಷ್ಟು ಗಮನವಿಟ್ಟು ಓದುತ್ತಾರೆ?

ಬೆರೋಯದವನು · 9.01

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾಚಿಕೆ ಇದೆ.

ಗಂಜಾಂ ಅಂಜೂರ · 9.20

ನನ್ನ ಹೆಸರು ಬಂದದ್ದರಿಂದ ನಾನು ಮಾತನಾಡಲೇಬೇಕು. ಅಂಜೂರ ಚಿಗುರಿದರೆ ಬೇಸಿಗೆ ಹತ್ತಿರವಾಯಿತು ಎಂಬುದು ಮತ್ತಾಯದಲ್ಲಿ. ಲೂಕ 21:29ರಲ್ಲಿ ಅದೇ ದೃಷ್ಟಾಂತ, ಆದರೆ ‘ಅಂಜೂರದ ಮರವನ್ನೂ ಎಲ್ಲ ಮರಗಳನ್ನೂ’ ನೋಡಿರಿ ಎಂದಿದೆ. ಅಂಜೂರ ಇಸ್ರಾಯೇಲಾದರೆ ಉಳಿದ ಮರಗಳು ಯಾವ ಯಾವ ದೇಶ? ನಮ್ಮ ಗಂಜಾಮಿನಲ್ಲಿ ಅಂಜೂರ ಬೆಳೆದವರನ್ನು ಕೇಳಿ. ಎಲೆ ಉದುರಿ ಬೋಳಾದ ಕೊಂಬೆಯಲ್ಲಿ ಹಸಿರು ತುದಿ ಕಂಡರೆ ಬಿಸಿಲು ಬಂತು ಎಂದಷ್ಟೇ ಹೇಳುತ್ತಾರೆ, ವಿದೇಶಾಂಗ ನೀತಿ ಹೇಳುವುದಿಲ್ಲ.

ಇನ್ನೊಂದು ಮಾತು. ಬೆತ್ಲೆಹೇಮಿಗೆ ಯಾತ್ರೆ ಹೋದಾಗ ನಮಗೆ ದಾರಿ ತೋರಿಸಿದವನು ಅರಬಿ ಮಾತನಾಡುವ ಕ್ರೈಸ್ತ. ತಲೆತಲಾಂತರದಿಂದ ಅಲ್ಲೇ ಇರುವ ಕುಟುಂಬ. ನಮ್ಮ ಗುಂಪಿನವರೊಬ್ಬರು ಅವನ ಮುಂದೆಯೇ, ಈ ನೆಲವೆಲ್ಲ ಯೆಹೂದ್ಯರಿಗೆ ಬರೆದುಕೊಟ್ಟದ್ದು ಎಂದು ಪ್ರವಾದನೆ ವಿವರಿಸಿದರು. ಅವನು ಕೇಳಿಸಿಕೊಂಡ, ಏನೂ ಹೇಳಲಿಲ್ಲ. ನಮ್ಮ ಚೀಲಗಳನ್ನು ಬಸ್ಸಿಗೆ ಹಾಕಿದ. ಯಾವ ಪಟದಲ್ಲೂ ಅವನಿಗೆ ಒಂದು ವೃತ್ತ ಇಲ್ಲ.

ಬನ್ನೂರು ಕುರಿ · 9.26

ಇಸ್ರಾಯೇಲಿನ ಪರ ಪ್ರಾರ್ಥಿಸಬಾರದು ಎನ್ನುತ್ತೀರಾ? ಅಬ್ರಹಾಮನನ್ನು ಆಶೀರ್ವದಿಸುವವರನ್ನು...

ನಿರ್ವಾಹಕ · 9.34

ಯುದ್ಧದ ಸುದ್ದಿಗೆ ಬೇರೆ ಚರ್ಚೆ ಇದೆ. ಇಲ್ಲಿ ಟೀಚರಮ್ಮನವರ ಪ್ರಶ್ನೆಗೆ ಉಳಿಯೋಣ. ನಾಲ್ಕು ಉತ್ತರಗಳನ್ನು ಅಳಿಸಿದ್ದೇನೆ, ಬನ್ನೂರು ಕುರಿಯವರ ಎರಡನ್ನು ಸೇರಿಸಿ.

ಎನ್.ಆರ್. ಮೊಹಲ್ಲಾ ಸಿಸ್ಟರ್ · ಮಂಗಳವಾರ, ಬೆಳಿಗ್ಗೆ 6.40

ಆಧಾರ್ ಕಾರ್ಡ್ ಬಂದಾಗ ನಮ್ಮ ಬೀದಿಯಲ್ಲಿ ಇಬ್ಬರು ಅದೇ ಪ್ರಕಟನೆ 13ರ ಮೃಗದ ಗುರುತು (ಅದಿಲ್ಲದೆ ಕೊಳ್ಳಲೂ ಮಾರಲೂ ಆಗದು, ಮೃಗದ ಸಂಖ್ಯೆ 666) ಎಂದು ಬೆರಳಚ್ಚು ಕೊಡಲು ಒಪ್ಪಲಿಲ್ಲ. ಆಮೇಲೆ ಪಡಿತರ ಅಕ್ಕಿಗಾಗಿ ಸಾಲಿನಲ್ಲಿ ಮೊದಲು ನಿಂತವರೂ ಅವರೇ. 666 ಎಂಬುದರ ನಿಜವಾದ ಅರ್ಥ ಯಾರಿಗಾದರೂ ಗೊತ್ತೇ?

ಹಳೆ ವೆಸ್ಲಿ · 7.25

ಇಬ್ರಿಯ (ಹೀಬ್ರೂ) ಅಕ್ಷರಗಳಿಗೆ ಅಂಕೆಯ ಬೆಲೆ ಇದೆ. ರೋಮಿನ ಚಕ್ರವರ್ತಿ ನೇರೋನ ಹೆಸರನ್ನು ‘ನೇರೋನ್ ಕೈಸರ್’ ಎಂದು ಬರೆದು ಕೂಡಿದರೆ 666. ಕೊನೆಯ ನಕಾರ ಬಿಟ್ಟು ‘ನೇರೋ’ ಎಂದರೆ 50 ಕಡಿಮೆಯಾಗಿ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೇ ಇದೆ. ಎರಡನೆಯ ಶತಮಾನದ ಐರಿನೇಯಸನಿಗೂ ಅದು ಗೊತ್ತಿತ್ತು, ತಪ್ಪು ಪಾಠ ಎಂದು ತಳ್ಳಿಹಾಕಿದ. ಪ್ರಕಟನೆಯ ಬಹುಭಾಗ ಬರೆದ ಕಾಲದ ರೋಮಿಗೇ ಸಂಬಂಧಿಸಿದ್ದು ಎನ್ನುವವರಿಗೆ ಇದು ಬಲವಾದ ಆಧಾರ. ಆ ಪಂಥದವರು ಮತ್ತಾಯ 24ನ್ನೂ ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ತೀತನ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಕೆಡವಿದ್ದಕ್ಕೆ ಹಚ್ಚುತ್ತಾರೆ. ‘ಈ ಸಂತತಿ ಅಳಿದುಹೋಗುವುದಿಲ್ಲ’ ಎಂಬ ಮಾತು ಆಗ ಸರಾಗವಾಗಿ ಹೊಂದುತ್ತದೆ. ಆದರೆ ಸೂರ್ಯ ಕತ್ತಲಾಗುವುದು, ಮನುಷ್ಯಕುಮಾರನು ಮೇಘಗಳಲ್ಲಿ ಬರುವುದು ಇವೆಲ್ಲ ಎಲ್ಲಿ ಹೊಂದುತ್ತವೆ ಎಂದು ಅವರೂ ತಿಣುಕಬೇಕು. ನನಗೆ ಯಾವ ಪಂಥವೂ ಪೂರ್ತಿ ಹಿಡಿಸಿಲ್ಲ.

ಲೆಕ್ಕದ ಮೇಷ್ಟ್ರು · 7.31

ಆಧಾರ್ ಸಂಖ್ಯೆಗೆ 12 ಅಂಕೆ ಸಿಸ್ಟರ್, ಮೃಗಕ್ಕೆ ಮೂರೇ ಸಾಕಾಗಿತ್ತು.

ಬನ್ನೂರು ಕುರಿ · 9.15

ನನ್ನ ಮುಖ್ಯ ಆಕ್ಷೇಪ ಬೇರೆ. ನಾಳೆ ಬರೋಣ ಎನ್ನುವವರು ಇಂದು ಏನನ್ನೂ ಕಟ್ಟುವುದಿಲ್ಲ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನು 1906ರಲ್ಲಿ ತೆರೆದ ವೆಸ್ಲಿಯನ್ನರು ಈ ಪಟ ನೋಡುತ್ತ ಕುಳಿತಿದ್ದರೆ ನಮ್ಮ ಅಜ್ಜಿ ಹೆರಿಗೆಗೆ ಎಲ್ಲಿಗೆ ಹೋಗಬೇಕಿತ್ತು?

ಬೆರೋಯದವನು · 10.20

ಮತ್ತೆ ತಪ್ಪು ಅಣ್ಣ. ಬ್ರಿಸ್ಟಲ್ಲಿನಲ್ಲಿ ಹತ್ತು ಸಾವಿರ ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಸಹೋದರರ ಸಭೆಯವರೇ. ಅವರ ಭಾವಮೈದುನ ಆಂತೊನಿ ನಾರಿಸ್ ಗ್ರೋವ್ಸ್ 1833ರಲ್ಲಿ ಭಾರತಕ್ಕೆ ಬಂದವರು, ಚಿತ್ತೂರಿನಲ್ಲಿ ಬೇಸಾಯ ಮಾಡಿಸಿ ಊಟ ದುಡಿದುಕೊಂಡವರು. ಬರೋಣ ಹತ್ತಿರವಿದೆ ಎಂದು ನಂಬಿಯೇ ದುಡಿದರು.

ಒಂದು ಮನೆಯ ಗುಟ್ಟನ್ನೂ ಹೇಳಿಬಿಡುತ್ತೇನೆ. ಎತ್ತಲ್ಪಡುವಿಕೆ ಸಂಕಟಕ್ಕೆ ಮೊದಲೋ ಆಮೇಲೋ ಎಂಬುದರಲ್ಲಿ ನಮ್ಮ ಮೊದಲ ತಲೆಮಾರಿನವರೇ ಒಪ್ಪಿರಲಿಲ್ಲ. ಬೆಂಜಮಿನ್ ನ್ಯೂಟನ್ ಡಾರ್ಬಿಯವರನ್ನು ಬಲವಾಗಿ ವಿರೋಧಿಸಿದರು. ಅದು, ಇನ್ನೂ ಕೆಲವು ಜಗಳಗಳು ಸೇರಿ 1848ರಲ್ಲಿ ಸಭೆಗಳೇ ಎರಡು ಹೋಳಾದವು. ಪಟ ತೂಗುಹಾಕುವವರು ಇದನ್ನು ಹೇಳುವುದಿಲ್ಲ.

ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿರುವ ಮುಳ್ಳು ಇನ್ನೊಂದು. ಯೆಹೆಜ್ಕೇಲನ 40ರಿಂದ 48ನೆಯ ಅಧ್ಯಾಯಗಳ ದೇವಾಲಯ ಸಾವಿರ ವರ್ಷದ ಆಳ್ವಿಕೆಯಲ್ಲಿ ಅಕ್ಷರಶಃ ಕಟ್ಟಲ್ಪಡುತ್ತದೆ ಎಂದರೆ, ಅಲ್ಲಿ ಪಾಪಪರಿಹಾರದ ಯಜ್ಞಗಳೂ ಇವೆ. ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿ ಮುಗಿಸಿದನು ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳಿದ ಮೇಲೆ ಮತ್ತೆ ಹೋತವೇಕೆ? ಅವು ಜ್ಞಾಪಕಾರ್ಥ ಎಂದು ನಮ್ಮ ಬೋಧಕರು ಹೇಳುತ್ತಾರೆ. ಕೇಳಿ ತಲೆಯಾಡಿಸುತ್ತೇನೆ. ಮನಸ್ಸು ಆಡುವುದಿಲ್ಲ.

ಹಳೆ ವೆಸ್ಲಿ · 10.42

ಬೆರೋಯದವರೇ, ಇಷ್ಟು ಬಿಚ್ಚುಮನಸ್ಸಿನಿಂದ ಬರೆದದ್ದಕ್ಕೆ ನನ್ನದೂ ಒಂದು ಒಪ್ಪಿಗೆ. ರೋಮಾಪುರ 11 ನಮ್ಮವರಿಗೆ ಮುಳ್ಳು. ‘ಇಸ್ರಾಯೇಲ್ ಜನರೆಲ್ಲರೂ ರಕ್ಷಣೆ ಹೊಂದುವರು’ ಎಂಬುದನ್ನು ಸಭೆ ಎಂದು ಓದಿ ದಾಟಿಬಿಡುತ್ತೇವೆ. ಆದರೆ ಆ ಅಧ್ಯಾಯದುದ್ದಕ್ಕೂ ಇಸ್ರಾಯೇಲ್ ಎಂದರೆ ಯೆಹೂದ್ಯರೇ. ಹಾಗೆಂದು ಪೌಲನು ಎರಡು ಮರ ನೆಡುವುದಿಲ್ಲ. ಎಣ್ಣೆಮರ (ಆಲಿವ್) ಒಂದೇ, ಕಾಡುಕೊಂಬೆಯಾದ ನಮ್ಮನ್ನು ಅದಕ್ಕೇ ಕಸಿ ಕಟ್ಟಿದ್ದಾನೆ, ಮುರಿದ ಕೊಂಬೆಗಳನ್ನೂ ಅದಕ್ಕೇ ಮತ್ತೆ ಕಟ್ಟಬಲ್ಲ. ನಿಮ್ಮ ಕಡೆಯ ಬ್ಲೇಯ್ಸಿಂಗ್, ಬಾಕ್ ಮುಂತಾದ ಈಚಿನ ಪಂಡಿತರು ಆ ಎರಡು ಮರಗಳ ನಡುವಿನ ಗೋಡೆಯನ್ನು ತಗ್ಗಿಸುತ್ತ ಬಂದಿದ್ದಾರಲ್ಲವೇ?

ಬೆರೋಯದವನು · 10.50

ಹೌದು. ನಮ್ಮ ಹಿರಿಯರು ಅವರ ಹೆಸರೆತ್ತಿದರೆ ಕೆಮ್ಮುತ್ತಾರೆ.

ಮಂಡ್ಯದ ಟೀಚರಮ್ಮ · ಬುಧವಾರ, ರಾತ್ರಿ 9.30

ಎಲ್ಲವನ್ನೂ ಓದಿದೆ, ಕೆಲವನ್ನು ಎರಡು ಸಲ. ಗ್ರೀಕ್ ಪದವನ್ನು ಮಾತ್ರ ಬಾಯಿಪಾಠ ಮಾಡಲಾಗಲಿಲ್ಲ.

ಇಂದು ಸಂಜೆ ಭಾವನವರು ತಾವಾಗಿಯೇ ಮನೆಗೆ ಬಂದರು. ಮದುವೆಯ ಬಸ್ಸಿನ ವಾದವನ್ನು ಅವರ ಮುಂದಿಟ್ಟೆ. ನಗಲಿಲ್ಲ, ಯೋಹಾನ 14 ತೆಗೆದರು. ಬೆರೋಯದವರು ಹೇಳಿದ್ದನ್ನೇ ಹೇಳಿದರು. ನಾನೂ ಬಿಡಲಿಲ್ಲ. ಕಾಫಿ ಆರಿತು. ಅಷ್ಟರಲ್ಲಿ ಮಗ ಬಂದು, “ದೊಡ್ಡಪ್ಪ, ನಿಮಗೆ ಯಾವತ್ತಾದರೂ ಹಾಗೆ ಅನ್ನಿಸಿತ್ತಾ?” ಎಂದು ಕೇಳಿದ.

ಭಾವನವರು ಸ್ವಲ್ಪ ಹೊತ್ತು ಲೋಟವನ್ನು ತಿರುಗಿಸುತ್ತ ಕುಳಿತರು. ಆಮೇಲೆ ಹೇಳಿದರು. ಹತ್ತು ವರ್ಷದವರಿದ್ದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ ಪೇಟೆಬೀದಿಗೆ ಓಡುತ್ತಿದ್ದರಂತೆ. ಅಲ್ಲಿ ಸಭೆಯ ಹಿರಿಯರೊಬ್ಬರ ಸೈಕಲ್ ಅಂಗಡಿ. ಅವರು ಕೂತು ಪಂಕ್ಚರ್ ಹಾಕುತ್ತಿದ್ದರೆ ಸಮಾಧಾನ, ಇನ್ನೂ ಬರೋಣವಾಗಿಲ್ಲ. ಒಂದು ದಿನ ಅಂಗಡಿಗೆ ಬೀಗ. ಭಾವನವರು ಅಂಗಡಿಯ ಹಲಗೆಗೆ ಒರಗಿ ಕತ್ತಲಾಗುವವರೆಗೂ ಕೂತಿದ್ದರಂತೆ. ಹಿರಿಯರು ಟೈರು ತರಲು ಮೈಸೂರಿಗೆ ಹೋಗಿದ್ದವರು ಕೊನೆಯ ರೈಲಿನಲ್ಲಿ ಇಳಿದು ಬಂದು, “ಏನೋ ಇಲ್ಲಿ?” ಎಂದರಂತೆ. ಅವರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ನನ್ನ ಯಜಮಾನರಿಗೇ ಈ ಕಥೆ ಗೊತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

“ಹಾಗಾದರೆ ನನಗೆ ಏಕೆ ಹೇಳಿದಿರಿ?” ಎಂದ ಮಗ. ಭಾವನವರು ಉತ್ತರ ಕೊಡಲಿಲ್ಲ. ಪಟ ತೆಗೆಯುತ್ತೇನೆ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ನಮ್ಮ ಬಾಗಿಲ ಪಕ್ಕದ ಮೊಳೆಗೆ ಮಗನ ಹಳೆಯ ಸ್ಲೇಟನ್ನು ತಾವೇ ತೂಗುಹಾಕಿ ಹೋದರು. ಮನೆಯಿಂದ ಯಾರು ಹೊರಗೆ ಹೋದರೂ ಎಲ್ಲಿಗೆ ಎಂದು ಅದರಲ್ಲಿ ಬರೆಯಬೇಕಂತೆ. ಮೊದಲ ಸಾಲು ಅವರದೇ ಕೈಬರಹ: ‘ದೊಡ್ಡಪ್ಪ ಮನೆಗೆ ಹೋದರು. 8.15.’

ಎನ್.ಆರ್. ಮೊಹಲ್ಲಾ ಸಿಸ್ಟರ್ · 9.41

ನನಗೂ ಅಜ್ಜಿಯ ಸೆರಗು ನೆನಪಾಯಿತು ಅಕ್ಕ.

ಲೆಕ್ಕದ ಮೇಷ್ಟ್ರು · 9.52

ಬೆರೋಯದವರಿಗೆ ಇನ್ನೂ ಕಾಲು ಅಂಕ ಕೊಟ್ಟಿದ್ದೇನೆ. ಒಟ್ಟು ಮುಕ್ಕಾಲು.

ಕಬ್ಬಿನ ಗದ್ದೆ · 10.05

ಟೀಚರಮ್ಮ, ಶನಿವಾರ ಮಂಡ್ಯ ಸಂತೆಗೆ ಬರುತ್ತಿದ್ದೇನೆ, ಒಂದು ಕರಿಬೇವಿನ ಸಸಿ ತರುತ್ತೇನೆ. ಗಂಜಾಂ ಅಂಜೂರದವರೇ, ನಿಮ್ಮ ಹೆಸರಿನ ಹಣ್ಣು ಈಗ ಎಲ್ಲಾದರೂ ಸಿಗುತ್ತದೆಯೇ, ಅಥವಾ ಹೆಸರು ಮಾತ್ರ ಉಳಿದಿದೆಯೇ?

ಗಂಜಾಂ ಅಂಜೂರ · 10.11

ನಮ್ಮ ಹಿತ್ತಲಿನಲ್ಲಿ ಒಂದು ಮರ ಇದೆ. ಚಿಗುರಿದಾಗ ಹೇಳುತ್ತೇನೆ. ಯಾರೂ ಲೆಕ್ಕ ಹಾಕಬೇಡಿ.